ಆನೆ ಹೇಗೆ ಬಂತು

ಬೆಳಕವಾಡಿಯಿಂದ ಮುಂದೆ, ಶಿವನಸಮುದ್ರದ ರಸ್ತೆ ಬಿಟ್ಟು ಒಳಗೆ ಸರಿದರೆ ಸಿಗುವ ಒಂದು ಕಬ್ಬಿನ ಗದ್ದೆಯಿಂದ ಆನೆಯೊಂದು ನಾಲೆಯವರೆಗೆ ಬಂದಿತ್ತು. ದೂರ ಹೆಚ್ಚೇನಿಲ್ಲ. ಗದ್ದೆಯ ತುದಿಯಲ್ಲಿ ನಿಂತು ಕೂಗಿದರೆ ನಾಲೆ ಏರಿಯ ಮೇಲಿದ್ದವರು ತಿರುಗಿ ನೋಡುತ್ತಾರೆ. ಅಷ್ಟು ದೂರವನ್ನು ಆನೆ ಹೇಗೆ ಬಂತು ಎಂಬುದನ್ನು ಇಂಗ್ಲಿಷಿನ ಒಂದು ವಾಕ್ಯದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಮೊದಲ ಸಲ ಅದನ್ನು ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಎರಡನೆಯ ಸಲ ಬರೆಯಲು ವಾರಗಳೇ ಹಿಡಿದವು.

ಅದು ಕಾಡಿನಿಂದ ಇಳಿದು ಬಂದು ಮಳವಳ್ಳಿ ತಾಲ್ಲೂಕಿನ ಕಬ್ಬಿನಲ್ಲೇ ಉಳಿದುಬಿಟ್ಟಿದ್ದ ಒಂಟಿ ಗಂಡಾನೆ. ಅದನ್ನು ಹಿಡಿದು ಶಿಬಿರಕ್ಕೆ ಸಾಗಿಸುವುದೋ, ಕಾಯ್ದು ಕಾಡಿಗೆ ಹಿಂದಿರುಗಿಸುವುದೋ ಎಂದು ತೀರ್ಮಾನಿಸಲು ಒಂದು ಸಮಿತಿ ಇತ್ತು. ಅದರಲ್ಲಿ ಹೊರರಾಜ್ಯದ ತಜ್ಞರೂ ಇದ್ದುದರಿಂದ ವರದಿ ಇಂಗ್ಲಿಷಿನಲ್ಲಿ ಹೋಗಬೇಕಿತ್ತು. ನಾನು ಭಾಷಾಶಾಸ್ತ್ರ ಓದಿ, ಮದ್ದೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವನು. ಒಂದೇ ಕುರ್ಚಿಯಲ್ಲಿ ಬಹಳ ಕಾಲ ಕೂರಲಾಗದ ಸ್ವಭಾವ. ಆನೆ ಕಂಡ ಜನರ ಹೇಳಿಕೆಗಳನ್ನು ಕೇಳಿ ಇಂಗ್ಲಿಷಿಗೆ ತರುವವರು ಬೇಕೆಂದಾಗ ಒಪ್ಪಿಕೊಂಡೆ.

ಶುರುವಿನಲ್ಲಿ ಕೆಲಸ ಸಲೀಸಾಗಿತ್ತು. ಬೆಳಿಗ್ಗೆ ಮದ್ದೂರಿನಿಂದ ಬಸ್ಸು, ಮಳವಳ್ಳಿಯಲ್ಲಿ ಇಳಿದರೆ ಕಾವಲುಗಾರನ ಬೈಕು. ಈ ಕಾವಲುಗಾರ ಬೆಳಕವಾಡಿಯವನೇ, ಆನೆಯ ಜಾಡು ನೋಡಲು ತಾತ್ಕಾಲಿಕವಾಗಿ ನೇಮಿಸಿಕೊಂಡವನು. ಹೆಜ್ಜೆ ಗುರುತಿದ್ದ ಕಡೆ ಹೋಗಿ, ಸುತ್ತಲಿನವರನ್ನು ಮಾತಾಡಿಸಿ, ಫೋನಿನಲ್ಲಿ ಧ್ವನಿ ಹಿಡಿದುಕೊಂಡು, ಸಂಜೆ ಬರೆದು ಕಳಿಸುವುದು. ಮೊದಲ ವಾರದಲ್ಲೇ ಒಂದು ವಿಷಯ ಗಮನಕ್ಕೆ ಬಂತು. ಊರವರು ಆನೆಯ ಓಡಾಟವನ್ನು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು: ಬಂತು, ಹೋಯಿತು. ಹೇಗೆ ಎಂದು ಕೆದಕಿದರೆ ಪಕ್ಕಕ್ಕೆ ಒಂದು ಮಾತು ಸೇರಿಸುತ್ತಿದ್ದರು, ಮೆತ್ತಗೆ ಬಂತು, ದಡದಡನೆ ಬಂತು ಅಂತ. ಇಂಗ್ಲಿಷ್ ಹಾಗಲ್ಲ. ನಡೆಯುವ ಬಗೆಯನ್ನು ಅದು ಕ್ರಿಯಾಪದದ ಹೊಟ್ಟೆಯೊಳಗೇ ತುಂಬಿ ಇಡುತ್ತದೆ. ರೋಮ್ ಅಂದರೆ ಅಲೆದಾಟ, ಸ್ಟ್ರೇ ಅಂದರೂ ಅಲೆದಾಟ. ಆದರೆ ರೋಮ್ ಮಾಡುವ ಪ್ರಾಣಿ ತನ್ನ ನೆಲದಲ್ಲಿದೆ, ಸ್ಟ್ರೇ ಆದ ಪ್ರಾಣಿ ತನ್ನದಲ್ಲದ ಕಡೆ ಬಂದಿದೆ. ಹೆಜ್ಜೆ ಅದೇ, ಗದ್ದೆ ಅದೇ, ಆನೆ ಅದೇ. ಒಂದು ಪದ ಬರೆದರೆ ಅದು ಇಲ್ಲಿಯದು, ಇನ್ನೊಂದು ಬರೆದರೆ ಅತಿಕ್ರಮಿ. ಕನ್ನಡದಲ್ಲಿ ಯಾರೂ ಹೇಳದೇ ಇದ್ದ ತೀರ್ಪನ್ನು ನಾನು ಇಂಗ್ಲಿಷಿನಲ್ಲಿ ಪ್ರತಿದಿನ ಕೊಡುತ್ತಿದ್ದೆ.

ಜೊತೆಗೆ ಊರವರ ಇನ್ನೊಂದು ರೂಢಿ. ಆನೆಯನ್ನು ಆನೆ ಎನ್ನುವವರು ಕಡಿಮೆ. ಸ್ವಾಮಿ ಎನ್ನುತ್ತಿದ್ದರು, ಬಹುವಚನದಲ್ಲಿ ಮಾತಾಡುತ್ತಿದ್ದರು. ಅರ್ಧ ಎಕರೆ ತುಳಿದು ಮಲಗಿಸಿದ್ದನ್ನು ಹೇಳುವಾಗಲೂ "ಸ್ವಾಮಿ ಬಂದು ಓಗವ್ರೆ" ಎಂದಷ್ಟೇ ಹೇಳುತ್ತಿದ್ದರು, ಮನೆಗೆ ಬಂದ ಹಿರಿಯ ನೆಂಟರನ್ನು ದೂರದೆ ಇರುವ ಹಾಗೆ. ಇಂಥ ಹೇಳಿಕೆಗಳಿಗೆ ನಾನು ಮನಸ್ಸಿನಲ್ಲೇ ಸ್ವಲ್ಪ ಖಾರ ಬೆರೆಸಿ ಇಂಗ್ಲಿಷಿಗೆ ತರುತ್ತಿದ್ದೆ. ಭಕ್ತಿಯ ಮಾತು, ಅದಕ್ಕೆ ಸಪ್ಪೆ, ಎಂದುಕೊಂಡಿದ್ದೆ.

ನಾಲೆಯ ಘಟನೆ ನಡೆದ ದಿನ ನಾನು ಅಲ್ಲೇ ಇದ್ದೆ. ಬೆಳಗಿನ ಹೊತ್ತು, ತೆಳ್ಳಗೆ ಮಂಜು. ಹಿಂದಿನ ದಿನದ ಜಾಡು ನೋಡಲು ಕಾವಲುಗಾರನೂ ನಾನೂ ಪಂಪ್‌ಸೆಟ್ ಮನೆಯ ಪಕ್ಕ ನಿಂತಿದ್ದೆವು. ಗದ್ದೆಯ ಒಡತಿಯ ಮೈದುನ ಮೋಟರು ಹಾಕಲು ಬೈಕಿನಲ್ಲಿ ಬಂದು, ದನ ನೀರಿಗೆ ಇಳಿಯುವ ಇಳಿಜಾರಿನ ತಲೆಯಲ್ಲಿ ಬೈಕು ನಿಲ್ಲಿಸಿದ. ಕಬ್ಬಿನೊಳಗೆ ಲಟಲಟ ಸದ್ದು. ಕಾವಲುಗಾರ ಕೂಗಿದ. ಮೈದುನ ಓಡಿದ, ಏರಿಯಿಂದ ನಾಲೆಗೆ ಬಿದ್ದ. ಬಲಗೈ ಮುರಿಯಿತು. ನಾವು ಹಿಂದಕ್ಕೆ ಓಡಿದ್ದೆವು. ತಿರುಗಿ ಬರುವ ಹೊತ್ತಿಗೆ ಆನೆ ನಾಲೆ ದಾಟಿ ಆಚೆ ಹೋಗಿತ್ತು, ಬೈಕು ಮಗುಚಿ ಬಿದ್ದಿತ್ತು.

ಆ ಸಂಜೆಯೇ ಬರೆದೆ: ಆನೆ ಮನುಷ್ಯನ ಮೇಲೆ ಚಾರ್ಜ್ ಮಾಡಿತು, ಎಂದರೆ ಎರಗಿ ಬಂತು.

ಎರಡು ದಿನದ ಮೇಲೆ ವಲಯದ ಅರಣ್ಯಾಧಿಕಾರಿ ಕರೆಸಿದರು. ಮೆದು ಮಾತಿನ ಮನುಷ್ಯ. ನನ್ನ ಹಾಳೆಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟು, ಚಾರ್ಜ್ ಎಂಬ ಪದದ ಮೇಲೆ ಬೆರಳಿಟ್ಟರು. ಆ ಪದ ಇದ್ದರೆ, ಜೊತೆಗೆ ಒಬ್ಬನಿಗೆ ಗಾಯವೂ ಆಗಿರುವುದರಿಂದ, ಆನೆಯನ್ನು ಹಿಡಿಯುವ ಪ್ರಸ್ತಾವವೇ ಮುಂದೆ ಹೋಗುತ್ತದೆ ಎಂದು ವಿವರಿಸಿದರು. ಅರಿವಳಿಕೆ ಕೊಟ್ಟು, ಪಳಗಿದ ಆನೆಗಳನ್ನು ತಂದು, ಲಾರಿಗೆ ಹತ್ತಿಸಿ, ಮರದ ದೊಡ್ಡಿಯೊಳಗೆ ಕೂಡುವುದು. ಅಲ್ಲಿಂದ ಅದು ಕಾಡಿಗೆ ಮರಳುವುದು ಅನುಮಾನ. ಇಷ್ಟು ಹೇಳಿ ಕೇಳಿದರು:

"ಕಿವಿ ಹೇಗಿತ್ತು? ಸೊಂಡಿಲು?"

ಕಿವಿ ಅಗಲಿಸಿ ಘೀಳಿಟ್ಟು ಬಂದು ನಡುವೆ ನಿಂತುಬಿಟ್ಟರೆ ಅದು ಬಹುಮಟ್ಟಿಗೆ ಹೆದರಿಸಲು; ಸೊಂಡಿಲು ಒಳಕ್ಕೆ ಸುತ್ತಿ, ಸದ್ದಿಲ್ಲದೆ ಬಂದರೆ ಮಾತು ಬೇರೆ ಎಂದರು. ಕಿವಿ ಅಗಲವಾಗಿತ್ತು ಎಂದೆ. ಕಿವಿ ಕಣ್ಣ ಮುಂದೆ ಸ್ಪಷ್ಟವಾಗಿ ನಿಂತಿತ್ತು, ಅಂಚಿನ ಹರಿದ ಚೂರಿನ ಸಮೇತ. ಅಷ್ಟು ಸ್ಪಷ್ಟವಾಗಿದ್ದುದೇ ನನಗೆ ಅನುಮಾನ ತಂದಿತು. ಮಂಜಿನಲ್ಲಿ ಓಡುತ್ತಿದ್ದವನಿಗೆ ಹರಿದ ಅಂಚು ಕಂಡೀತೆ? ಆ ವಾರ ಫೋನಿನಲ್ಲಿ ಎಷ್ಟು ಆನೆಗಳ ವಿಡಿಯೋ ನೋಡಿದ್ದೆನೋ.

ಅಧಿಕಾರಿ ಒತ್ತಾಯಿಸಲಿಲ್ಲ. "ನೀವು ಬರೆದ ಪದದ ಕೆಳಗೆ ನಾನು ಸಹಿ ಹಾಕೋದು. ಮಂಡ್ಯದಲ್ಲಿ ಸಮಿತಿ ಸಭೆ ಇದೆ, ಅಷ್ಟರೊಳಗೆ ಇನ್ನೊಂದ್ಸಲ ನೋಡಿ" ಎಂದರು.

ನನ್ನ ನೆನಪನ್ನು ನಾನು ಮೊದಲಿಂದಲೂ ಪೂರ್ತಿ ನಂಬಿದವನಲ್ಲ. ಚಿಕ್ಕಂದಿನಲ್ಲಿ ವೈದ್ಯನಾಥಪುರದ ದೇವಸ್ಥಾನದ ಪಕ್ಕದ ಹೊಳೆಯಲ್ಲಿ ಕಾಲು ಜಾರಿದ್ದನ್ನು ಬಹಳ ವರ್ಷ ವರ್ಣಿಸುತ್ತಿದ್ದೆ. ಜಾರಿದ್ದು ನಾನಲ್ಲ, ನನ್ನ ಅಣ್ಣ, ಎಂದು ಆಮೇಲೆ ಅವ್ವ ಹೇಳಿದಳು. ನೀರಿನ ತಣ್ಣನೆಯ ಹೊಡೆತ ಈಗಲೂ ನನ್ನ ಕಾಲಿನಲ್ಲೇ ಇದೆ. ಇಂಥವನು ನಾನು ಆನೆಯ ಕಿವಿಯ ಬಗ್ಗೆ ಸಾಕ್ಷಿ ಹೇಳುತ್ತಿದ್ದೆ.

ಮೊದಲು ಸುಲಭದ ದಾರಿ ಹಿಡಿದೆ. ಮನೆಯ ಗೋಡೆಗೆ ದೊಡ್ಡ ಕಾಗದ ಅಂಟಿಸಿ, ಒಂದು ಕಡೆ ಧ್ವನಿಮುದ್ರಣದಲ್ಲಿದ್ದ ಕನ್ನಡ ಮಾತುಗಳು, ಇನ್ನೊಂದು ಕಡೆ ಇಂಗ್ಲಿಷಿನ ಪದಗಳು. ನುಗ್ಗಿತು ಎಂಬುದರ ಎದುರು ರಶ್, ಚಾರ್ಜ್, ಬರ್ಸ್ಟ್ ಮೂರೂ ನಿಂತವು. ರಶ್ ಎಂದರೆ ಅವಸರ, ಯಾರ ಮೇಲೂ ಕೋಪವಿಲ್ಲ. ಬೋಲ್ಟ್ ಎಂದರೆ ಹೆದರಿ ಕಿತ್ತುಕೊಂಡು ಓಡುವುದು. ಚಾರ್ಜ್‌ಗೆ ಎದುರಿಗೊಬ್ಬ ಬೇಕು. ಗುರಿ ಇಲ್ಲದೆ ಆ ಪದ ನಿಲ್ಲುವುದಿಲ್ಲ. ಲಂಬರ್ ಎಂದರೆ ಭಾರದ ಮೈ ಹೊತ್ತು ಓಲಾಡುತ್ತ ನಡೆಯುವುದು, ಅದರಲ್ಲಿ ಒಂದಿಷ್ಟು ನಗೆಯಾಟವೂ ಇದೆ. ಗ್ಯಾಲಪ್ ಎಂಬ ಪದವನ್ನು ಹೊಡೆದುಹಾಕಿದೆ. ಆನೆಗೆ ನಾಲ್ಕು ಕಾಲೂ ನೆಲ ಬಿಟ್ಟು ಓಡಲು ಬರುವುದಿಲ್ಲ, ಎಷ್ಟು ಬೇಗ ಬಂದರೂ ಅದು ಒಂದು ತರಹದ ಬಿರುಸು ನಡಿಗೆಯೇ. ಹೀಗೆ ಪ್ರತಿ ಪದವೂ ಪ್ರಾಣಿಯ ಕಾಲಿಗಿಂತ ಅದರ ಮನಸ್ಸಿನ ಬಗ್ಗೆಯೇ ಹೆಚ್ಚು ಮಾತಾಡುತ್ತಿತ್ತು. ಮನಸ್ಸನ್ನು ನಾನು ಎಲ್ಲಿಂದ ನೋಡಲಿ?

ಒಂದು ಸಂಜೆ ಗೆಜ್ಜಲಗೆರೆಯಲ್ಲಿ ಬಸ್ಸಿಗೆ ಕಾಯುತ್ತ, ಕಾರ್ಖಾನೆ ಬಿಟ್ಟು ಬರುವವರ ನಡಿಗೆಗೆ ಇಂಗ್ಲಿಷಿನಲ್ಲಿ ಹೆಸರಿಡುತ್ತ ನಿಂತೆ. ಊಟದ ಡಬ್ಬಿ ತೂಗಾಡಿಸುತ್ತ ಬಂದ ಹುಡುಗಿಯರಿಗೆ ಸ್ಟ್ರೋಲ್, ಹಾಯಾಗಿ ಅಡ್ಡಾಡುವ ಪದ. ತಲೆ ತಗ್ಗಿಸಿದ ಒಬ್ಬನಿಗೆ ಟ್ರಡ್ಜ್, ದಣಿವು ಮತ್ತು ಬೇಸರ ಎರಡೂ ಇರುವ ಪದ. ಕಾಲು ಎತ್ತದೆ ನೆಲ ಸವರುತ್ತ ಬಂದ ನಡುವಯಸ್ಸಿನವನಿಗೆ ಶಫಲ್ ಎಂದು ಕೊಟ್ಟು, ಅವನ ಮಂಡಿಗೇನೋ ಆಗಿದೆ, ಮನೆಯಲ್ಲೂ ಸುಖವಿಲ್ಲ, ಎಂದೆಲ್ಲ ಕಟ್ಟಿಕೊಂಡೆ. ಆತ ಬಂದು ಬೆಂಚಿನ ಮೇಲೆ ಕೂತು, ಚಪ್ಪಲಿ ಕಳಚಿ, ಪಕ್ಕದವನಿಗೆ ಹೊಸ ಜೋಡು ಹಿಮ್ಮಡಿ ಕಚ್ಚುತ್ತಿದೆ ಎಂದು ತೋರಿಸಿದ. ತಲೆ ತಗ್ಗಿಸಿದ್ದವನು ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದ.

ಮನೆಗೆ ಹೋಗಿ ಗೋಡೆಯ ಕಾಗದ ಕಿತ್ತೆ.

ಎರಡನೆಯ ಪ್ರಯತ್ನ ಇನ್ನೂ ಕೆಟ್ಟಿತು. ಸಾಕ್ಷಿಗಳನ್ನು ಮತ್ತೆ ಒಬ್ಬೊಬ್ಬರಾಗಿ ಕೇಳಿದೆ. ಮೊದಲ ಮುದ್ರಣದಲ್ಲಿ "ಕಬ್ಬಿಂದ ಬಂದ್ಬುಡ್ತು ಸಾ" ಎಂದಿದ್ದ ಕಾವಲುಗಾರ ಈಗ ಎದೆಯುಬ್ಬಿಸಿ "ಚಾರ್ಜ್ ಮಾಡ್ತು ಸಾ" ಎಂದ. ಆ ಪದ ಎಲ್ಲಿಂದ ಬಂತು ಎಂದರೆ, ನೀವೇ ಅವತ್ತು ಫೋನಿನಲ್ಲಿ ಸಾಹೇಬರಿಗೆ ಹೇಳಿದಿರಲ್ಲ ಎಂದ. ಮೈದುನನದೂ ಅದೇ ಕಥೆ. ಬಿದ್ದ ದಿನ ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಸದ್ದು ಕೇಳಿ ಓಡಿದೆ ಎಂದಷ್ಟೇ. ಈಗ ಕೈಗೆ ಪಟ್ಟಿ ಕಟ್ಟಿಕೊಂಡು ಜಗುಲಿಯಲ್ಲಿ ಕೂತು, ನೋಡಲು ಬಂದವರಿಗೆಲ್ಲ ಹೇಳಿ ಹೇಳಿ, ಆನೆ ಅಟ್ಟಿಸಿಕೊಂಡು ಬಂದದ್ದು, ಸೊಂಡಿಲು ಬೆನ್ನಿಗೆ ತಾಗಿದ್ದು ಎಲ್ಲ ಸೇರಿಕೊಂಡಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಬೆನ್ನಿನ ಜಾಗ ಮುಟ್ಟಿ ತೋರಿಸಿದ. ನನಗೆ ಹರಿದ ಕಿವಿ ಹೇಗೋ ಅವನಿಗೆ ಸೊಂಡಿಲು ಹಾಗೆ.

ಬದಲಾಗದೆ ಇದ್ದ ಮಾತು ಒಂದೇ, ಗದ್ದೆಯ ಒಡತಿಯದು. ಐವತ್ತರ ಆಸುಪಾಸಿನ ಹೆಂಗಸು, ಬೇಸಾಯವೆಲ್ಲ ಅವಳದೇ ಮೇಲುಸ್ತುವಾರಿ. ಆ ಬೆಳಿಗ್ಗೆ ಅವಳು ಪಂಪ್‌ಸೆಟ್ ಮನೆಯ ಚಾವಣಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು; ಎಲ್ಲರಿಗಿಂತ ಚೆನ್ನಾಗಿ ಕಂಡಿರಬೇಕಾದವಳು ಅವಳೇ. ಎಷ್ಟು ಸಲ ಕೇಳಿದರೂ ಒಂದೇ ಉತ್ತರ: "ಸ್ವಾಮಿ ಬಂದ್ರು, ಓದ್ರು." ಓಡಿ ಬಂತಾ ಅಕ್ಕ ಎಂದರೆ, ಬಂದ್ರು ಕಣ್ ಮೇಷ್ಟ್ರೇ. ಕೋಪವಿತ್ತಾ ಎಂದರೆ, ಅವ್ರಿಗ್ಯಾಕೆ ಕ್ವಾಪ. ಇಷ್ಟಕ್ಕೆ ಎದ್ದು ಒಳಗೆ ಹೋಗುತ್ತಿದ್ದಳು. ಅಷ್ಟು ಬೇಗ ಎದ್ದು ಹೋಗುವುದನ್ನು ನಾನು ಗಮನಿಸಿದ್ದೆ, ಕೆಲಸವಿರಬೇಕು ಎಂದುಕೊಂಡಿದ್ದೆ.

ಸಭೆ ಹತ್ತಿರವಾಗುತ್ತಿತ್ತು. ಮಳವಳ್ಳಿ ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಿದ್ದಾಗ ಒಂದು ಯೋಚನೆ ಬಂತು. ಕೇಳುವುದನ್ನೇ ನಿಲ್ಲಿಸಿದರೆ? ಬಾಯಿಯಲ್ಲಿ ಪದ ಬಂದ ಕೂಡಲೇ ನೆನಪು ಅದರ ಅಚ್ಚಿಗೆ ಬೀಳುತ್ತಿದೆ. ಮಾತಿಲ್ಲದೆ, ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಪ್ರತಿಯೊಬ್ಬರೂ ಆನೆಯಾಗಿ ನಡೆದು ತೋರಿಸಲಿ. ಎಲ್ಲಿಂದ ಹೊರಟಿತು, ಎಷ್ಟು ಬೇಗ, ಎಲ್ಲಿ ತಿರುಗಿತು, ಎಲ್ಲಿ ನಿಂತಿತು. ಅದನ್ನು ನೋಡಿ ನಾನು ಕಾಲು ಹೋದ ದಾರಿ ಬರೆಯುತ್ತೇನೆ, ಕ್ರಿಯಾಪದ ಆಮೇಲೆ. ಅಧಿಕಾರಿಗೆ ಫೋನು ಮಾಡಿದೆ. ಆನೆ ಈಗ ಹೊಳೆಯ ಆ ಕಡೆ ಇದೆ, ಕಾವಲುಗಾರ ಜೊತೆಗಿದ್ದರೆ ಮಾಡಿ ಎಂದರು.

ಹೀಗೆ ಒಂದು ಬೆಳಿಗ್ಗೆ ನಾವು ನಾಲ್ವರು ನಾಲೆ ಏರಿಯ ಹತ್ತಿರ ಸೇರಿದೆವು. ಕಬ್ಬು ಇನ್ನೂ ಕಡಿದಿರಲಿಲ್ಲ, ತುದಿಗೆ ಸೂಲಂಗಿ ಹೂವು ಬಂದು ಬೆಳ್ಳಗೆ ತೂಗುತ್ತಿತ್ತು. ಆನೆ ಹೊರಬಿದ್ದ ಕಡೆ ಕಬ್ಬಿನ ಸಾಲು ಮುರಿದು ಬಾಗಿಲಿನಂತೆ ಉಳಿದಿತ್ತು.

ಮೊದಲು ಕಾವಲುಗಾರ. ಹೆಗಲ ಟವೆಲನ್ನು ಮುಂದಕ್ಕೆ ಇಳಿಬಿಟ್ಟು, ಬೆನ್ನು ಬಾಗಿಸಿ, ಕಬ್ಬಿನೊಳಗಿಂದ ಧುಮ್ಮನೆ ಹೊರಬಂದ. ಬದುವಿನ ಮೇಲೆ ಕುಳಿತಿದ್ದ ಮೈದುನನಿಗೆ ತಡೆಯಲಾಗಲಿಲ್ಲ.

"ಆನೆ ಇಂಗ್ ನಡೀತದೇನ್ಲಾ? ಸಂತೇಲಿ ಮಾರೋಕ್ ತಂದ ಎಮ್ಮೆ ಅಂಗವ್ನೆ."

"ನೀನ್ ಎಲ್ಲಿ ನೋಡ್ದೆ ಬುಡ್ಲಾ, ನೀನ್ ನಾಲೆ ಒಳಗ್ ಇದ್ದೆ."

ಆ ಮಾತಿಗೆ ಇಬ್ಬರೂ ನಕ್ಕರು. ನಗುತ್ತಲೇ ಮೈದುನನ ಮುಖ ಸಣ್ಣದಾಯಿತು. ಅವನ ಸರದಿ ಬಂದಾಗ ಕಬ್ಬಿನ ಬಾಯಿಯಲ್ಲಿ ಬಹಳ ಹೊತ್ತು ನಿಂತು, ಆಮೇಲೆ ಬೈಕು ನಿಲ್ಲಿಸಿದ್ದ ಜಾಗಕ್ಕೆ ಬಂದು, ನಾನು ಆನೆ ಆಗಲಾರೆ, ನನಗೆ ಕಂಡದ್ದು ಬೈಕಿನ ಕನ್ನಡಿಯಲ್ಲಿ ಏನೋ ಕಪ್ಪಗೆ ಅಲ್ಲಾಡಿದ್ದು ಮಾತ್ರ ಎಂದ. ಇಷ್ಟು ದಿನ ಜಗುಲಿಯಲ್ಲಿ ಹೇಳಿದ್ದನ್ನು ಅವನು ನಡೆದು ತೋರಿಸಲಾರದೆ ಹೋದ.

ಆಮೇಲೆ ನಾನು. ಪಂಪ್‌ಸೆಟ್ ಮನೆಯ ಪಕ್ಕ, ಅವತ್ತು ನಿಂತಿದ್ದಲ್ಲೇ ಹೋಗಿ ನಿಂತೆ. ಕಾವಲುಗಾರನಿಗೆ ಕಬ್ಬಿನಿಂದ ಇಳಿಜಾರಿನವರೆಗೆ ನಡೆಯಲು ಹೇಳಿದೆ. ಅವನು ಕಾಣಲಿಲ್ಲ. ಗದ್ದೆಯ ಮೂಲೆ ಅಡ್ಡ ಬರುತ್ತಿತ್ತು. ಕಂಡದ್ದು ತೂಗುವ ಸೂಲಂಗಿ ಮತ್ತು ಟವೆಲಿನ ತುದಿ. ಆನೆ ಅವನಿಗಿಂತ ಎತ್ತರ, ಬೆನ್ನಿನ ಗೆರೆ ಕಂಡಿರಬಹುದು. ಕಿವಿ ಕಂಡಿರಲು ಸಾಧ್ಯವೇ ಇರಲಿಲ್ಲ. ಎರಡು ಹೆಜ್ಜೆ ಆಚೆ ಸರಿದು ನೋಡಿದೆ, ಈಚೆ ಸರಿದು ನೋಡಿದೆ, ಕಲ್ಲಿನ ಮೇಲೆ ಹತ್ತಿ ನೋಡಿದೆ. ಇಲ್ಲ. ಹರಿದ ಅಂಚಿನ ಆ ಕಿವಿ ಆಗಲೂ ನನ್ನ ತಲೆಯಲ್ಲಿ ಕದಲದೆ ನಿಂತಿತ್ತು. ನನ್ನ ಸಾಕ್ಷಿಯನ್ನು ವರದಿಯಿಂದ ತೆಗೆಯಬೇಕೆಂದು ಅಲ್ಲೇ ತೀರ್ಮಾನಿಸಿದೆ. ಕಾವಲುಗಾರ ನನ್ನ ಪಕ್ಕದಲ್ಲೇ ಇದ್ದವನು, ಅವನದೂ ಹೋಯಿತು. ಮೈದುನನದನ್ನು ಅವನೇ ಹಿಂದೆ ತೆಗೆದುಕೊಂಡಿದ್ದ.

ಉಳಿದದ್ದು ಒಡತಿ. ಅವಳು ಅಲ್ಲಿಯವರೆಗೂ ಚಾವಣಿಯ ಮೆಟ್ಟಿಲ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದಳು. ಬನ್ನಿ ಅಕ್ಕ ಎಂದೆ. ನಾಚಿ ಹಿಂಜರಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಕಬ್ಬಿನೊಳಗೆ ಹೋದಳು. ಹೊರಗೆ ಬಂದಾಗ ಟವೆಲಿಲ್ಲ, ಬಾಗಿದ ಬೆನ್ನಿಲ್ಲ. ಸುಮ್ಮನೆ ನಡೆದಳು. ನಿಧಾನವೂ ಅಲ್ಲ, ಓಟವೂ ಅಲ್ಲ, ಗೊತ್ತಿರುವ ಕಡೆಗೆ ಹೋಗುವವರ ನೇರ ನಡಿಗೆ. ಬದು ದಾಟಿದಳು. ಮೈದುನ ಕೂತಿದ್ದ ಕಡೆ ತಲೆ ಕೂಡ ತಿರುಗಿಸಲಿಲ್ಲ. ಇಳಿಜಾರಿನ ತಲೆಗೆ, ಬೈಕು ನಿಂತಿದ್ದ ಜಾಗಕ್ಕೆ ಬಂದು ನಿಂತಳು. ಎಡಗೈಯಿಂದ ಏನನ್ನೋ ಪಕ್ಕಕ್ಕೆ ತಳ್ಳುವಂತೆ ಮಾಡಿ, ಬಗ್ಗಿ, ಬಲಗೈಯನ್ನು ನೆಲಕ್ಕೆ ನೀಡಿ, ಬೆರಳು ಒಳಕ್ಕೆ ಮಡಿಸಿ, ಬಾಯಿಗೆ ತಂದಳು. ಎರಡನೆಯ ಸಲವೂ ಬಗ್ಗಿದಳು. ಮತ್ತೆ ಎದ್ದು ನಿಲ್ಲಲಿಲ್ಲ, ಅಲ್ಲೇ ಕುಕ್ಕರಿಸಿ ಕೂತುಬಿಟ್ಟಳು.

ಮೈದುನ ಎದ್ದು ಹತ್ತಿರ ಹೋದ.

"ಅಲ್ಲಿ ಏನಿತ್ತು ಅತ್ಗೆ?"

"ಎಡೆ ಮಡಗಿದ್ದೆ ಕಣ್ಲಾ." ಅವಳು ನೆಲ ನೋಡುತ್ತಲೇ ಹೇಳಿದಳು. "ಆಲೆಮನೆಯಿಂದ ಅಚ್ಚು ಬೆಲ್ಲ ತಂದು, ಬಾಳೆಎಲೆ ಮ್ಯಾಲೆ. ಸ್ವಾಮಿ ಇಷ್ಟು ತಿಂದ್ಕಂಡು ಓಗ್ಲಿ, ಮಿಕ್ಕಿದ್ ಕಬ್ಬು ಉಳೀಲಿ ಅಂತ. ದಿನಾಲೂ ಬತ್ತಿದ್ರು, ತಿಂತಿದ್ರು, ಓಯ್ತಿದ್ರು. ಅವತ್ತು ನೀನು ಗಾಡಿ ತಂದು ಅದ್ರ್ ಮುಂದ್ಕೇ ನಿಲ್ಸ್ದೆ. ಕೂಗಾಣ ಅಂದ್ರೆ ಬಾಯೇ ಬರ್ನಿಲ್ಲ."

ಗದ್ದೆಗೆ ಆನೆ ಇಳಿದರೆ ಮೂಲೆಯಲ್ಲಿ ಎಡೆ ಇಡುವುದು ಆ ಕಡೆಯ ಕೆಲವು ಮನೆಗಳಲ್ಲಿ ಉಂಟೆಂದು ಕಾವಲುಗಾರ ಆಮೇಲೆ ಹೇಳಿದ. ಸಾಮಾನ್ಯವಾಗಿ ಒಂದು ದಿನ, ಒಂದು ಕಡ್ಡಿ ಕರ್ಪೂರ, ಒಂದಿಷ್ಟು ಬೆಲ್ಲ, ಅಲ್ಲಿಗೆ ಮುಗಿಯಿತು. ಇವಳು ದಿನವೂ ಇಟ್ಟಿದ್ದಳು, ಮನೆಯಲ್ಲಿ ಯಾರಿಗೂ ಹೇಳದೆ. ಆನೆ ದಿನವೂ ಹೊತ್ತಿಗೆ ಸರಿಯಾಗಿ ಬಂದಿತ್ತು. ಬಾಳೆಎಲೆಯನ್ನೂ ತಿಂದದ್ದರಿಂದ ನಮಗೆ ಗುರುತೇ ಸಿಕ್ಕಿರಲಿಲ್ಲ. ಏರಿಯ ಮೇಲೆ ಹೂವು ಕುಂಕುಮ ಯಾವಾಗಲೂ ಇರುವುದರಿಂದ ಮೈದುನನೂ ಎಡೆಯನ್ನು ಗಮನಿಸಿರಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. ಇದನ್ನು ಬರೆದರೆ ಏನಾಗುತ್ತದೆ ಎಂದು ಕೇಳಿದಳು. ನನಗೆ ಗೊತ್ತಿದ್ದಷ್ಟು ಹೇಳಿದೆ. ಕಾಡಾನೆಗೆ ತಿನ್ನಲು ಇಡುವುದು ತಪ್ಪು, ಕಚೇರಿಯವರು ಕರೆಸಿ ಕೇಳುತ್ತಾರೆ, ಮೈದುನನ ಕೈ ಮುರಿದದ್ದಕ್ಕೆ ಊರು ಅವಳ ಕಡೆ ಬೆರಳು ತೋರಿಸುತ್ತದೆ. ಬರೆಯದಿದ್ದರೆ ಆನೆಯನ್ನು ಹಿಡಿಯುವ ಸಾಧ್ಯತೆಯೇ ಹೆಚ್ಚು. ಬರೆದರೂ ಬಿಡುತ್ತಾರೆಂದು ಮಾತು ಕೊಡಲಾರೆ. ನಿಮ್ಮ ಹೆಸರು ಬೇಡವೆಂದರೆ ಬಿಟ್ಟು ಬರೆಯಬಹುದೇ ಎಂದು ಕೇಳಿ ನೋಡುತ್ತೇನೆ ಎಂದೆ.

"ಎಸ್ರು ಬುಟ್ರೆ ಯಾವಳೋ ಇಟ್ಲು ಅಂತಾರೆ, ನಂಬಾಕಿಲ್ಲ. ನಂದೇ ಬರ್ಕಳಿ ಮೇಷ್ಟ್ರೇ. ಕರೆದೋಳು ನಾನು. ಬಂದೋರ್ನ ಇಡ್ದು ಕೊಟ್ರೆ ಎಂಗೆ?"

ಆ ರಾತ್ರಿ ಊಟಕ್ಕೆ ಮೊದಲೇ ವರದಿ ಮುಗಿಸಿದೆ. ಚಾರ್ಜ್ ಹೋಯಿತು. ರಶ್ ಎಂದು ಬರೆದು ಹೊಡೆದೆ, ಅವಳ ನಡಿಗೆಯಲ್ಲಿ ಅವಸರವಿರಲಿಲ್ಲ. ಹತ್ತಿರ ಬರುವುದು ಎಂಬರ್ಥದ ಅಪ್ರೋಚ್ ತಕ್ಕಮಟ್ಟಿಗೆ ಸರಿ ಎನಿಸಿತು. ಆದರೆ ಅದರಲ್ಲಿ ಒಂದು ಹೊಂಚು, ಅಳೆದು ನೋಡುವ ಎಚ್ಚರ ಇದೆ. ಕೊನೆಗೆ ಇಂಗ್ಲಿಷಿನಲ್ಲಿ ಸಿಕ್ಕ ಅತ್ಯಂತ ಖಾಲಿ ಪದ ಆರಿಸಿದೆ: ಕೇಮ್. ಆನೆ ತನಗೆ ದಿನವೂ ತಿನಿಸು ಇಡುತ್ತಿದ್ದ ಜಾಗಕ್ಕೆ ಬಂತು, ಅಲ್ಲಿದ್ದ ವಾಹನವನ್ನು ಪಕ್ಕಕ್ಕೆ ತಳ್ಳಿತು, ತಿಂದು ಹೋಯಿತು, ಅದರ ಹಾದಿಯಲ್ಲಿದ್ದ ಮನುಷ್ಯ ಹೆದರಿ ಓಡಿ ಬಿದ್ದ. ಒಡತಿ ಮೊದಲ ದಿನವೇ ಹೇಳಿದ್ದ ಎರಡು ಮಾತು, ನಡುವೆ ಒಂದಿಷ್ಟು ವಿವರ. ಆದರೆ ಅವಳು ಅದನ್ನು ನಿಖರವಾಗಿರಲೆಂದು ಹೇಳಿರಲಿಲ್ಲ, ಮುಚ್ಚಿಡಲು ಹೇಳಿದ್ದಳು. ಸರಿಯಾದ ಪದವೇ ಆದರೂ ಅಷ್ಟರಿಂದ ನಮಗೆ ಏನೂ ತಿಳಿಯುತ್ತಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಓದಿನ ಮೇಲೂ, ಊರಿನ ನುಡಿ ಸದಾ ಸತ್ಯ ಎನ್ನುವವರ ಮೇಲೂ ಒಟ್ಟಿಗೇ ಅನುಮಾನ ಬರುತ್ತದೆ.

ಮಂಡ್ಯದ ಸಭೆಯಲ್ಲಿ ಒಬ್ಬ ತಜ್ಞರು ಆ ಪದದ ಹತ್ತಿರ ನಿಂತರು. ಕೇಮ್ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ, ಆನೆಯ ವರ್ತನೆ ಏನು ಎಂದರು. ವರ್ತನೆ ಮುಂದಿನ ವಾಕ್ಯದಲ್ಲಿದೆ, ಈ ವಾಕ್ಯದಲ್ಲಿ ಅದು ನಡೆದ ದಾರಿ ಮಾತ್ರ ಇದೆ ಎಂದೆ. ಅವರು ಮುಂದಿನ ವಾಕ್ಯ ಓದಿದರು. ಆಮೇಲೆ ಮಾತೆಲ್ಲ ಬೆಲ್ಲದ ಸುತ್ತಲೇ ನಡೆಯಿತು. ಹಿಡಿಯುವುದನ್ನು ಸದ್ಯಕ್ಕೆ ತಡೆದು, ಎಡೆ ನಿಲ್ಲಿಸಿ, ಏರಿಯ ಮೇಲ್ಮಣ್ಣು ಕೆರೆದು ತೆಗೆದು, ಕೆಲವು ವಾರ ಕಾದು ನೋಡುವುದೆಂದಾಯಿತು. ಒಡತಿಯನ್ನು ಅಧಿಕಾರಿ ಕಚೇರಿಗೆ ಕರೆಸಿ, ಎದುರಿಗೆ ಕೂರಿಸಿಕೊಂಡು, ಇನ್ನು ಮೇಲೆ ಇಡುವುದಿಲ್ಲವೆಂದು ಬರೆಸಿಕೊಂಡರು.

ಆ ಸುದ್ದಿ ಹೇಳಲು ಮನೆಗೆ ಹೋದಾಗ ಮೈದುನ ಜಗುಲಿಯಲ್ಲೇ ಇದ್ದ. ಅತ್ತಿಗೆ ಕಲಸಿ ಕೊಟ್ಟಿದ್ದ ಅನ್ನವನ್ನು ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದ. ಊರಲ್ಲಿ ಯಾರೋ ಏನೋ ಅಂದಿದ್ದರಂತೆ, ಅವಳು ಬಾಗಿಲ ಹಿಂದೆಯೇ ನಿಂತಿದ್ದಳು. ಅವನು ಒಳಗೆ ಕೇಳುವಂತೆ ಹೇಳಿದ:

"ನಂಗೂ ಒಂದ್ ಅಚ್ಚು ಮಡಗಿದ್ರೆ ನಾನೂ ಹೊತ್ತಿಗ್ ಸರಿಯಾಗಿ ಬತ್ತಿದ್ದೆ ಅತ್ಗೆ. ನೀವು ಯಾವತ್ತೂ ಮಡಗ್ನೇ ಇಲ್ಲ."

ಅವಳು ಹೊರಗೆ ಬಂದು, ಅವನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿ, ತಲೆಯ ಮೇಲೊಂದು ಮೊಟಕಿ ಹೋದಳು.

ಆನೆ ಮತ್ತೆ ಬಂದದ್ದನ್ನು ಒಂದು ಸಲ ನೋಡಿದೆ. ಕಾವಲುಗಾರರು ದೂರದಲ್ಲಿ ನಿಂತಿದ್ದರು, ನಾನೂ ಒಡತಿಯೂ ಪಂಪ್‌ಸೆಟ್ ಮನೆಯ ಚಾವಣಿಯ ಮೇಲಿದ್ದೆವು. ಈ ಸಲ ಎಲ್ಲ ಕಾಣುತ್ತಿತ್ತು. ಕಬ್ಬಿನ ಬಾಯಿಂದ ಹೊರಬಂದು, ಅವಳು ನಡೆದು ತೋರಿಸಿದ ದಾರಿಯಲ್ಲೇ ಬಂತು. ಇಳಿಜಾರಿನ ತಲೆಯಲ್ಲಿ ನಿಂತು ಕೆರೆದ ಮಣ್ಣಿನ ಮೇಲೆ ಸೊಂಡಿಲು ಆಡಿಸಿತು. ಏನೂ ಇರಲಿಲ್ಲ. ಮತ್ತೊಮ್ಮೆ ಆಡಿಸಿತು. ನನ್ನ ಪಕ್ಕದಲ್ಲಿ ಅವಳು ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಕಿವಿಯ ಅಂಚು ನೋಡಿದೆ. ಹರಿದಿರಲಿಲ್ಲ.

ಆನೆ ನಾಲೆಗೆ ಇಳಿದು, ಆಚೆ ದಡ ಹತ್ತಿ, ಹೊಳೆಯ ಕಡೆಗೆ ಹೊರಟಿತು. ನನ್ನ ತಲೆಯಲ್ಲಿ ಪದಗಳು ತಾವಾಗಿಯೇ ಸಾಲುಗಟ್ಟಿದವು: ಟ್ರಡ್ಜ್, ಕಾಲೆಳೆಯುವ ಪ್ಲಾಡ್, ದಿಕ್ಕಿಲ್ಲದೆ ಹೊರಟುಹೋಗುವ ವಾಂಡರ್ ಆಫ್. ಒಂದೊಂದರಲ್ಲೂ ಒಂದು ದುಃಖ ಸಿದ್ಧವಾಗಿ ಕೂತಿತ್ತು.

"ಓದ್ರು" ಎಂದಳು ಅವಳು. ಮುಷ್ಟಿ ಬಿಟ್ಟಳು. "ಓಗುವಾಗ ಒಂದ್ಸಲ ತಿರುಗಿ ನಮ್ ಮನೆ ಕಡೆ ನೋಡುದ್ರು, ಕಂಡ್ರಾ ಮೇಷ್ಟ್ರೇ?"

ನಾನು ಕಣ್ಣು ತೆಗೆಯದೆ ನೋಡುತ್ತಿದ್ದೆ. ಅದು ತಿರುಗಿದ್ದು ನನಗೆ ಕಂಡಿರಲಿಲ್ಲ. ಇಲ್ಲ ಅಕ್ಕ, ಎಂದೆ. ಸಂಜೆ ವರದಿಯಲ್ಲಿ ಆನೆ ಬಂತು, ನಿಂತಿತು, ಹೋಯಿತು ಎಂದಷ್ಟೇ ಬರೆದೆ. ಈಗ ಆ ಬೆಳಗನ್ನು ನೆನೆದರೆ ಆನೆ ಆಚೆ ದಡದಲ್ಲಿ ನಿಂತು ತಿರುಗಿ ನೋಡುತ್ತದೆ, ಬಹಳ ಸ್ಪಷ್ಟವಾಗಿ. ಅದು ಅವಳು ಕಂಡದ್ದು, ನಾನಲ್ಲ ಎಂದು ಪ್ರತಿಸಲವೂ ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ.